ಏಳನೇ ಮಣಿಯ ಜಾಗದಲ್ಲಿ ಗುಂಡಿ

ಅಣ್ಣ ನನ್ನ ಜೊತೆ ಮಾತು ಬಿಟ್ಟು ನಾಲ್ಕು ವರ್ಷ ಆಯಿತು. ಮಂಡ್ಯದ ಹತ್ತಿರ ಅಪ್ಪನ ಇಪ್ಪತ್ತು ಗುಂಟೆ ಗದ್ದೆ ಭಾಗ ಮಾಡುವಾಗ ಜಗಳ. ತಪ್ಪು ಅರ್ಧ ನನ್ನದೂ ಇತ್ತು, ಆ ಕಥೆ ಬೇಡ.

ಅವನು ಮತ್ತೆ ಮಾತಾಡಲಿ ಅಂತ ಮೊದಲು ನವೇನ, ಅಂದರೆ ಒಂಬತ್ತು ದಿನದ ಪ್ರಾರ್ಥನೆ, ಹಿಡಿದೆ. ಒಂಬತ್ತು ದಿನ ಮಂಡಿಯೂರಿ ಬೇಡಿಕೊಂಡೆ. ಹತ್ತನೇ ದಿನ ಫೋನ್ ಬರುತ್ತದೆ ಅಂತ ಕಾದು ಕೂತಿದ್ದೆ. ಬಂತು, ಬ್ಲೌಸ್ ರೆಡಿ ಆಯ್ತಾ ಅಂತ ಕೇಳೋದಕ್ಕೆ. ಎರಡು ತಿಂಗಳು ಜಪಸರ ಮುಟ್ಟಲಿಲ್ಲ.

ಮತ್ತೆ ಶುರು ಮಾಡಿದಾಗ ಆಸೆ ಕಮ್ಮಿ ಮಾಡಿಕೊಂಡೆ. ಪೂರ್ತಿ ಜಪಸರ ಅಂದರೆ ಹತ್ತು ಹತ್ತು ಮಣಿಯಂತೆ ಐದು ಸಲ. ನಾನು ಒಂದೇ ಹತ್ತು ಹಿಡಿದೆ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು, ಮಿಷನ್ನಿಗೆ ಎಣ್ಣೆ ಬಿಡುವ ಮುಂಚೆ. ಅಣ್ಣನ ಹೆಸರು ಮಾತ್ರ. ಬೇರೆ ಏನಾದರೂ ಸೇರಿಸಿದರೆ ಸಾಲ, ಮಗಳ ಫೀಸು, ಮಂಡಿನೋವು ಅಂತ ಮನಸ್ಸು ಊರೆಲ್ಲ ಸುತ್ತುತ್ತದೆ. ಅಳತೆ ಬರೆಯುವ ಪುಸ್ತಕದ ಕೊನೇ ಪುಟದಲ್ಲಿ ದಿನಕ್ಕೊಂದು ಗೀಟು. ಮದುವೆ ಸೀಸನ್ನಿನಲ್ಲಿ ವಾರಗಟ್ಟಲೆ ಖಾಲಿ.

ಒಮ್ಮೆ ಸರ ಹರಿದು ಮಣಿಗಳೆಲ್ಲ ಬಟ್ಟೆ ಚೂರುಗಳಲ್ಲಿ ಸೇರಿಹೋದವು. ಹುಡುಕಿ ನೈಲಾನ್ ದಾರದಲ್ಲಿ ಪೋಣಿಸಿದೆ. ಒಂದು ಸಿಗಲಿಲ್ಲ. ಅದರ ಬದಲು ಷರ್ಟಿನ ಗುಂಡಿ ಹಾಕಿದೆ. ಬೆರಳಿಗೆ ಅದು ಸಿಕ್ಕಿದರೆ ಏಳಾಯಿತು ಅಂತ ಲೆಕ್ಕ.

ಬಿಡದೆ ಕಾಡಿದರೆ ದೇವರು ಕೊಟ್ಟೇ ಕೊಡುತ್ತಾರೆ ಅನ್ನುವವರು ಬೈಬಲಿನ ಲೂಕ 18ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ ಕಥೆಯ ವಿಧವೆಯನ್ನು ತೋರಿಸುತ್ತಾರೆ, ನ್ಯಾಯ ಕೊಡಿ ಅಂತ ನ್ಯಾಯಾಧೀಶನನ್ನು ಬಿಡದೆ ಕಾಡಿದವಳು. ಆಕೆಯ ಕಾಟ ತಾಳಲಾರದೆ ನ್ಯಾಯಾಧೀಶ ನ್ಯಾಯ ಕೊಟ್ಟ, ನಿಜ. ಆದರೆ ಅವನು ದೇವರಿಗೂ ಹೆದರದವನು, ಜನಕ್ಕೂ ಬೆಲೆ ಕೊಡದವನು. ಅಂಥವನೇ ಕೊಟ್ಟ ಮೇಲೆ ದೇವರು ಕೊಡುವುದಿಲ್ಲವೇ ಅನ್ನುವುದು ಯೇಸುಸ್ವಾಮಿ ಕೇಳಿದ ಪ್ರಶ್ನೆ. ದೇವರು ಆ ನ್ಯಾಯಾಧೀಶನ ಥರ ಅಂತ ಅಲ್ಲವೇ ಅಲ್ಲ. ಇದು ಹೊಳೆದ ಮೇಲೆ ನನ್ನ ಚೌಕಾಸಿ ನಿಂತಿತು. ಹಿಡಿದುಕೊಡಲ್ಪಟ್ಟ ರಾತ್ರಿ ಗೆತ್ಸೆಮನೆ ಅನ್ನುವ ಜಾಗದಲ್ಲಿ ಯೇಸುಸ್ವಾಮಿ, ಈ ಸಂಕಟ ತಪ್ಪಲಿ ಅಂತ, ಮೂರನೇ ಸಲವೂ ಅದೇ ಮಾತುಗಳಲ್ಲಿ ಪ್ರಾರ್ಥಿಸಿದರು ಅಂತ ಬೈಬಲಿನಲ್ಲಿ ಮತ್ತಾಯ ಬರೆದಿದ್ದಾರೆ. ಕೇಳಿದ್ದು ಆಗಲಿಲ್ಲ, ಮರುದಿನ ಶಿಲುಬೆ. ಹಾಗಿರುವಾಗ ದಿನಾ ಅದದೇ ಮಾತು ಹೇಳೋಕೆ ನನಗೇನು ಸಂಕೋಚ, ಅಲ್ವಾ?

ಈ ಜೂನ್ 13ಕ್ಕೆ ಸಂತ ಅಂತೋಣಿಯವರ ಹಬ್ಬಕ್ಕೆ ಅಂತ ಕೆ.ಆರ್. ನಗರದ ಕಡೆಯ ಡೋರನಹಳ್ಳಿಗೆ ಹೋಗಿದ್ದೆ. ಕಳೆದುಹೋದದ್ದನ್ನು ಹುಡುಕಿಕೊಡುವ ಸಂತರು ಅವರು. ಎಲ್ಲ ಧರ್ಮದವರೂ ಬರುತ್ತಾರೆ, ಸಿಕ್ಕಾಪಟ್ಟೆ ಜನ. ಮೇಣದಬತ್ತಿ ಹಚ್ಚುವ ಜಾಗದಲ್ಲಿ ಅಣ್ಣ ನಿಂತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನ ಬತ್ತಿ ಗಾಳಿಗೆ ಆರುತ್ತಿತ್ತು, ಸುಮ್ನೆ ಕೈ ಅಡ್ಡ ಹಿಡಿದ.

"ಬಸ್ಸಲ್ಲಿ ಬಂದ್ಯಾ?" ಅಂದ.

"ಹ್ಞೂಂ ಕಣಣ್ಣ" ಅಂದೆ.

ಅಷ್ಟೇ. ಆಮೇಲೆ ಫೋನೂ ಇಲ್ಲ, ಏನೂ ಇಲ್ಲ. ಇವತ್ತು ಬೆಳಿಗ್ಗೆ ಗುಂಡಿಯ ತನಕ ಬಂದಿದ್ದೆ, ಅಷ್ಟರಲ್ಲಿ ಗಿರಾಕಿ ಬಂದರು. ಉಳಿದ ಮೂರು ಮಣಿ ಮಧ್ಯಾಹ್ನ ಊಟಕ್ಕೆ ಮುಂಚೆ ಮುಗಿಸಿದೆ.