ಪರ್ಜ್ ಮಾಡಿದರೂ ಹಳೆಯ ಕಡತವೇ ಬರುತ್ತಿದೆಯೇ? ಹೆಸರು ಬದಲಿಸಿ

ಶಿರಸಿ ಮಾರುಕಟ್ಟೆಯ ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು ಅಡಿಕೆಯ ಧಾರಣೆ ತೋರಿಸುವ ಜಾಲತಾಣ ನಿಮ್ಮದು ಎಂದುಕೊಳ್ಳಿ. ಪುಟದ ರೂಪ ನಿರ್ಧರಿಸುವ ಸ್ಟೈಲ್.ಸಿಎಸ್ಎಸ್ ಕಡತ ತಿದ್ದಿ ಏರಿಸಿ, ಸಿಡಿಎನ್ (ತಾಣದ ಪ್ರತಿಗಳನ್ನು ಓದುಗರಿಗೆ ಹತ್ತಿರದ ಸರ್ವರುಗಳಲ್ಲಿಟ್ಟು ಕೊಡುವ ಜಾಲ) ಪರ್ಜ್ ಕೂಡ ಮಾಡಿದ್ದೀರಿ. ಆದರೂ ಕೆಲವರ ಮೊಬೈಲಿನಲ್ಲಿ ಹಳೆಯ ಪುಟವೇ. ಪರ್ಜ್ ಅಳಿಸುವುದು ಸಿಡಿಎನ್ ಸರ್ವರುಗಳಲ್ಲಿರುವ ಪ್ರತಿಯನ್ನು ಮಾತ್ರ. ಬ್ರೌಸರ್ ತನ್ನೊಳಗೆ ಇಟ್ಟುಕೊಂಡ ಪ್ರತಿ ಅದಕ್ಕೆ ನಿಲುಕದು.

ಕಡತದ ವಿಳಾಸದ ಕೊನೆಗೆ ‘?ವಿ=2’ ಸೇರಿಸುವುದು ಹಲವರ ರೂಢಿ. ಅದನ್ನು ನಂಬಬೇಡಿ. ಅಮೆಜಾನಿನ ಸಿಡಿಎನ್ ಸೇವೆಯಾದ ಕ್ಲೌಡ್‌ಫ್ರಂಟ್‌ನ ಸಿದ್ಧ ‘ಕ್ಯಾಶಿಂಗ್ ಆಪ್ಟಿಮೈಸ್ಡ್’ ಪಾಲಿಸಿ ಪ್ರಶ್ನೆಚಿಹ್ನೆಯ ನಂತರದ ಭಾಗವನ್ನು ಕ್ಯಾಶ್ ಕೀಗೆ (ಇಟ್ಟುಕೊಂಡ ಪ್ರತಿಯನ್ನು ಗುರುತಿಸುವ ಕೀಲಿಗೆ) ಸೇರಿಸುವುದಿಲ್ಲ. ಹೊಸ ವಿಳಾಸ ಕೇಳಿದರೂ ಹಳೆಯ ಕಡತವೇ ಬರುತ್ತದೆ, ಬ್ರೌಸರ್ ಅದನ್ನೇ ಹೊಸ ವಿಳಾಸದಡಿ ಉಳಿಸಿಕೊಳ್ಳುತ್ತದೆ.

ಕಡತದ ಹೆಸರಿನಲ್ಲೇ ಹ್ಯಾಶ್ (ಒಳಗಿನ ವಿಷಯ ಬದಲಾದರೆ ತಾನೂ ಬದಲಾಗುವ ಅಕ್ಷರ-ಅಂಕಿಗಳ ಗುರುತು) ಇರಲಿ: ಸ್ಟೈಲ್.8ಎಫ್3ಎ1ಸಿ.ಸಿಎಸ್ಎಸ್. ಹೆಸರೇ ಹೊಸದಾದರೆ ಹಳೆಯ ಪ್ರತಿ ಅಡ್ಡಬಾರದು. ತಾಣದ ಕಡತಗಳನ್ನು ಸಿದ್ಧಪಡಿಸುವ ಸಾಧನವಾದ ವೀಟ್‌ನ ಬಿಲ್ಡ್ ಇದನ್ನು ತಾನಾಗಿ ಮಾಡುತ್ತದೆ. ಆದರೆ ‘ಪಬ್ಲಿಕ್’ ಫೋಲ್ಡರಿನಲ್ಲಿಟ್ಟ ಚಿತ್ರಗಳಿಗೆ ಹ್ಯಾಶ್ ಸೇರುವುದಿಲ್ಲ, ಲೋಗೊ ಬದಲಾಗದಿದ್ದರೆ ಮೊದಲು ಅಲ್ಲಿ ನೋಡಿ. ವೆಬ್‌ಪ್ಯಾಕ್‌ನಲ್ಲಾದರೆ ಔಟ್‌ಪುಟ್ ಹೆಸರಿಗೆ ‘ಕಂಟೆಂಟ್‌ಹ್ಯಾಶ್’ ಹಾಕಿ.

ಹ್ಯಾಶ್ ಇರುವ ಕಡತಗಳಿಗೆ ಕ್ಯಾಶ್-ಕಂಟ್ರೋಲ್ ಹೆಡರ್ (ಪ್ರತಿ ಎಷ್ಟು ಕಾಲ ಇಟ್ಟುಕೊಳ್ಳಬೇಕೆಂದು ಸರ್ವರ್ ಕೊಡುವ ಸೂಚನೆ) ‘ಪಬ್ಲಿಕ್, ಮ್ಯಾಕ್ಸ್-ಏಜ್=31536000, ಇಮ್ಯೂಟಬಲ್’, ಅಂದರೆ ಒಂದು ವರ್ಷ. ಎಚ್‌ಟಿಎಂಎಲ್‌ಗೆ ‘ನೋ-ಕ್ಯಾಶ್’. ಇಟ್ಟುಕೋ, ಆದರೆ ಪ್ರತಿ ಸಲ ಕೇಳಿ ಬಳಸು ಎಂದು ಇದರರ್ಥ. ಇಟ್ಟುಕೊಳ್ಳಲೇಬೇಡ ಎನ್ನುವುದು ‘ನೋ-ಸ್ಟೋರ್’. ದಿನದ ಧಾರಣೆಯ ಜೇಸನ್ ಕಡತಕ್ಕೆ ಹ್ಯಾಶ್ ಬೇಡ. ‘ಮ್ಯಾಕ್ಸ್-ಏಜ್=0, ಎಸ್-ಮ್ಯಾಕ್ಸ್‌ಏಜ್=60’ ಕೊಟ್ಟರೆ ಸಿಡಿಎನ್ ಮಾತ್ರ ಒಂದು ನಿಮಿಷ ಇಟ್ಟುಕೊಳ್ಳುತ್ತದೆ; ಅಷ್ಟೂ ತಡೆಯದಿದ್ದರೆ ಆ ಒಂದು ಕಡತವನ್ನು ಪರ್ಜ್ ಮಾಡಿ.

ಏರಿಸುವ ಕ್ರಮದಲ್ಲೇ ಹೆಚ್ಚಿನವರು ಎಡವುತ್ತಾರೆ. ಮೊದಲು ಸಿಎಸ್ಎಸ್, ಸ್ಕ್ರಿಪ್ಟ್, ಚಿತ್ರಗಳು. ಅವೆಲ್ಲ ಮುಗಿದ ಮೇಲೆ ಎಚ್‌ಟಿಎಂಎಲ್. ತಿರುಗುಮುರುಗಾದರೆ ಹೊಸ ಪುಟ ಇನ್ನೂ ಬಾರದ ಕಡತವನ್ನು ಕೇಳಿ 404 (‘ಕಡತ ಸಿಗಲಿಲ್ಲ’) ಉತ್ತರ ಪಡೆಯುತ್ತದೆ, ಆ 404 ಅನ್ನೂ ಸಿಡಿಎನ್ ಇಟ್ಟುಕೊಳ್ಳಬಹುದು. ಹಳೆಯ ಹ್ಯಾಶಿನ ಕಡತಗಳನ್ನು ಕೂಡಲೇ ಅಳಿಸಬೇಡಿ, ಕೆಲವು ವಾರ ಇರಲಿ. ಸಿದ್ದಾಪುರದ ತೋಟದಲ್ಲಿ ಬೆಳಿಗ್ಗೆ ತೆರೆದ ಪುಟ, ನೆಟ್‌ವರ್ಕ್ ಸಿಕ್ಕ ಸಂಜೆ ಹಳೆಯ ಸ್ಕ್ರಿಪ್ಟನ್ನೇ ಕೇಳುತ್ತದೆ. ಬ್ರೌಸರಿನ ಹಿನ್ನೆಲೆಯಲ್ಲಿ ಓಡುವ ಸ್ಕ್ರಿಪ್ಟಾದ ಸರ್ವಿಸ್ ವರ್ಕರ್ ಕಡತದ ಹೆಸರನ್ನಂತೂ ಎಂದೂ ಬದಲಿಸಬೇಡಿ. ಅದಕ್ಕೂ ‘ನೋ-ಕ್ಯಾಶ್’ ಸಾಕು.

ಕೊನೆಗೆ ಟರ್ಮಿನಲ್ಲಿನಲ್ಲಿ ‘ಕರ್ಲ್ -ಐ’ ಆಜ್ಞೆ ಕೊಟ್ಟು ಹೆಡರ್ ನೋಡಿ. ಎಚ್‌ಟಿಎಂಎಲ್‌ನ ‘ಏಜ್’ ಸಂಖ್ಯೆ (ಪ್ರತಿ ಸಿಡಿಎನ್‌ನಲ್ಲಿ ಎಷ್ಟು ಸೆಕೆಂಡಿನಿಂದ ಇದೆ ಎಂಬುದು) ಏರುತ್ತಲೇ ಇದ್ದರೆ ಸಿಡಿಎನ್‌ನಲ್ಲಿ ಬರೆದ ನಿಯಮ ನಿಮ್ಮ ಹೆಡರನ್ನು ಮೀರಿ ನಿಂತಿದೆ. ಅಲ್ಲಿನ ಕನಿಷ್ಠ ಟಿಟಿಎಲ್ (ಪ್ರತಿ ಇಟ್ಟುಕೊಳ್ಳುವ ಅವಧಿ) ಅನ್ನು ಸೊನ್ನೆಗೆ ಇಳಿಸಿ.