ಹೊಸ ಊರಿನ ನಾಣ್ಯ ಮೇಳಕ್ಕೆ ಹೋಗುವುದು ಹೇಗೆ?

ಕೆಲಸದ ಮೇಲೋ ಪ್ರವಾಸಕ್ಕೋ ಹೊಸ ನಗರಕ್ಕೆ ಹೊರಟಿದ್ದೀರಿ. ಅದೇ ದಿನಗಳಲ್ಲಿ ಅಲ್ಲೊಂದು ನಾಣ್ಯ ಮೇಳ ನಡೆಯುತ್ತಿದೆ ಎಂದು ತಿಳಿಯುತ್ತದೆ. ಸಂಗ್ರಹದ ಹುಚ್ಚು ಇರುವವರು ಇಂಥ ಅವಕಾಶ ಬಿಡಲೇಬಾರದು. ಫೋಟೊದಲ್ಲಿ ಮಾತ್ರ ಕಂಡಿದ್ದ ನಾಣ್ಯ ಅಲ್ಲಿ ಕೈಗೆ ಸಿಗುತ್ತದೆ. ಅದರ ತೂಕ ಅಂಗೈಗೆ ಗೊತ್ತಾಗುತ್ತದೆ. ಅಂಚು ನೋಡಬಹುದು, ಬೆಳಕಿಗೆ ಓರೆಯಾಗಿ ಹಿಡಿದು ಹೊಳಪು ಪರೀಕ್ಷಿಸಬಹುದು. ಪರದೆಯ ಮೇಲೆ ಇದ್ಯಾವುದೂ ಆಗುವುದಿಲ್ಲ.

ಆದರೆ ನಮ್ಮ ಊರಿನ ಮೇಳಕ್ಕೂ ಪರಊರಿನ ಮೇಳಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಅಲ್ಲಿ 'ಮುಂದಿನ ವಾರ ಬಂದು ನೋಡ್ತೀನಿ' ಅನ್ನುವ ಹಾಗಿಲ್ಲ. ಮೇಳ ಮುಗಿದ ಮೇಲೆ ಮಾರಿದವರು ಒಂದು ದಿಕ್ಕಿಗೆ, ನೀವು ಒಂದು ದಿಕ್ಕಿಗೆ. ಹಾಗಾಗಿ ಏನು ಬೇಕು, ಎಷ್ಟು ಕೊಡಬಹುದು ಅನ್ನುವುದನ್ನೆಲ್ಲ ಹೊರಡುವ ಮೊದಲೇ ತೀರ್ಮಾನಿಸಿಕೊಳ್ಳಬೇಕು. ಮೇಳದಲ್ಲಿ ಸಿಗುವ ಸಮಯ ಪೂರ್ತಿ ನೋಡುವುದಕ್ಕೆ, ಕೇಳುವುದಕ್ಕೆ ಉಳಿಯಬೇಕು.

ಹೊರಡುವ ಮೊದಲು

ಮೊದಲ ಕೆಲಸ, ದಿನ ಆರಿಸುವುದು. ಮೂರು ದಿನದ ಮೇಳ ಎಂದಿದ್ದರೆ ಮೂರನೇ ದಿನದ ಮಧ್ಯಾಹ್ನವನ್ನು ನಂಬಬೇಡಿ. ದೂರದಿಂದ ಬಂದ ಡೀಲರ್‌ಗಳಿಗೆ ವಿಮಾನ, ರೈಲು ಹಿಡಿಯುವ ಗಡಿಬಿಡಿ ಇರುತ್ತದೆ. ಪ್ರಕಟಿಸಿದ ಸಮಯಕ್ಕಿಂತ ಮೊದಲೇ ಎಷ್ಟೋ ಟೇಬಲ್‌ಗಳು ಖಾಲಿಯಾಗಿರುತ್ತವೆ. ಒಳ್ಳೆಯ ಮಾಲು ಬೇಕಿದ್ದರೆ ಮೊದಲ ದಿನವೇ ಹೋಗಿ. ಕೆಲವು ಮೇಳಗಳಲ್ಲಿ ಬಾಗಿಲು ತೆರೆಯುವ ಮುಂಚೆ ಒಳಗೆ ಬಿಡುವ ಜಾಸ್ತಿ ಬೆಲೆಯ ಟಿಕೆಟ್ ಕೂಡ ಇರುತ್ತದೆ. ಒಂದು ನಿರ್ದಿಷ್ಟ ಅಪರೂಪದ ನಾಣ್ಯದ ಬೆನ್ನು ಹತ್ತಿದವರಿಗೆ ಮಾತ್ರ ಅದು ಲಾಭ. ಕೊನೆಯ ದಿನ ಬೆಳಿಗ್ಗೆ ಹೋದರೆ ಬೆಲೆ ಸ್ವಲ್ಪ ಇಳಿಯಬಹುದು, ಯಾಕೆಂದರೆ ಉಳಿದದ್ದನ್ನು ಹೊತ್ತುಕೊಂಡು ಹೋಗಲು ಯಾರಿಗೂ ಇಷ್ಟವಿಲ್ಲ. ಒಂದೇ ದಿನ ಸಿಗುವುದಾದರೆ ನನ್ನ ಆಯ್ಕೆ ಮೊದಲ ದಿನವೇ.

ಮೇಳದ ಗಾತ್ರವನ್ನೂ ತಿಳಿದುಕೊಳ್ಳಿ. ಬರ್ಲಿನ್‌ನ ವರ್ಲ್ಡ್ ಮನಿ ಫೇರ್‌ನಂಥ ಕಡೆ ಬೇರೆ ಬೇರೆ ದೇಶಗಳ ಟಂಕಸಾಲೆಗಳೇ ಮಳಿಗೆ ಹಾಕುತ್ತವೆ. ಅಲ್ಲಿ ಒಂದು ದಿನ ಸಾಲದು. ಒಂದು ಸಭಾಂಗಣದಲ್ಲಿ ಮುಗಿಯುವ ಚಿಕ್ಕ ಮೇಳಕ್ಕೆ ಅರ್ಧ ದಿನ ಧಾರಾಳ ಸಾಕು.

ಆಮೇಲೆ ಪಟ್ಟಿ. ನಾಲ್ಕೈದು ನಾಣ್ಯಗಳಿಗಿಂತ ಜಾಸ್ತಿ ಬರೆಯಬೇಡಿ. ಪ್ರತಿಯೊಂದರ ಮುಂದೆ ವರ್ಷ, ಟಂಕಸಾಲೆಯ ಗುರುತು, ಲೋಹ, ತೂಕ, ಅಗಲ ಮತ್ತು ನೀವು ಕೊಡಬಲ್ಲ ಗರಿಷ್ಠ ಬೆಲೆ ಇರಲಿ. ಬ್ರಿಟನ್ನಿನ ಚಿನ್ನದ ಸಾವರಿನ್ 7.98 ಗ್ರಾಂ, ಅಗಲ 22.05 ಮಿಲಿಮೀಟರ್. ಅಮೆರಿಕದ ಬೆಳ್ಳಿಯ ಮಾರ್ಗನ್ ಡಾಲರ್ 26.73 ಗ್ರಾಂ, ಅಗಲ 38.1 ಮಿಲಿಮೀಟರ್. ಇಂಥ ಅಂಕಿಗಳು ಜೇಬಿನಲ್ಲಿದ್ದರೆ ಟೇಬಲ್ ಮುಂದೆ ಗೊಂದಲವಾಗುವುದಿಲ್ಲ. ಬೆಲೆಗೆ, ಹರಾಜಿನಲ್ಲಿ ಈಚೆಗೆ ನಿಜವಾಗಿ ಮಾರಾಟವಾದ ಮೊತ್ತ ನೋಡಿ. ಆನ್‌ಲೈನಿನಲ್ಲಿ ಯಾರೋ ಕೇಳುತ್ತಿರುವ ಬೆಲೆಗೆ ಅರ್ಥವಿಲ್ಲ, ಅಲ್ವಾ? ಕೇಳುವವರು ಎಷ್ಟು ಬೇಕಾದರೂ ಕೇಳಬಹುದು.

ನಿಮ್ಮ ಹತ್ತಿರ ಈಗಾಗಲೇ ಇರುವುದರ ಪಟ್ಟಿಯೂ ಫೋನಿನಲ್ಲಿರಲಿ. ನೂರಾರು ನಾಣ್ಯ ನೋಡುತ್ತಾ ಹೋದಾಗ ಮನೆಯಲ್ಲಿರುವುದು ಯಾವ ವರ್ಷದ್ದು ಎಂಬುದು ಯಾರಿಗೂ ನೆನಪಿರುವುದಿಲ್ಲ.

ತುಂಬಾ ಜನ ಮಾಡದ ಒಂದು ಕೆಲಸವಿದೆ. ಮೇಳಕ್ಕೆ ಬರುವ ಡೀಲರ್‌ಗಳ ಪಟ್ಟಿಯನ್ನು ಸಂಘಟಕರು ಸಾಮಾನ್ಯವಾಗಿ ಮೊದಲೇ ಕೊಡುತ್ತಾರೆ. ನಿಮ್ಮ ವಿಷಯದಲ್ಲಿ ವ್ಯಾಪಾರ ಮಾಡುವವರಿಗೆ ಒಂದೆರಡು ವಾರ ಮುಂಚೆ ಸಂದೇಶ ಕಳಿಸಿ. ಅವರು ಇರುವ ಮಾಲನ್ನೆಲ್ಲ ಮೇಳಕ್ಕೆ ತರುವುದಿಲ್ಲ. 'ಇಂಥದ್ದು ಹುಡುಕುತ್ತಿದ್ದೇನೆ, ಇದ್ದರೆ ತನ್ನಿ' ಎಂದು ಬರೆದರೆ ಹುಡುಕಿ ತರುತ್ತಾರೆ. ಕೊಳ್ಳಲೇಬೇಕೆಂಬ ಕಟ್ಟುಪಾಡಿಲ್ಲ, ಆದರೆ ಹೇಳಿದ ಮೇಲೆ ಅವರ ಟೇಬಲ್‌ಗೆ ಹೋಗದೆ ಇರಬಾರದು.

ಚೀಲಕ್ಕೆ ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಲೂಪ್, 0.01 ಗ್ರಾಂವರೆಗೆ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ, ಚಿಕ್ಕ ಮ್ಯಾಗ್ನೆಟ್, ಪೆನ್ನು, ನೋಟ್‌ಬುಕ್ ಹಾಕಿಕೊಳ್ಳಿ. ಜೊತೆಗೆ ಮೈಲಾರ್ ಎಂಬ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಕೆಲವು ಖಾಲಿ ಕವರ್‌ಗಳು. ಮೆತ್ತಗಿನ ಪಿವಿಸಿ ಕವರ್ ಬೇಡ. ಅದರೊಳಗೆ ವರ್ಷಗಟ್ಟಲೆ ಇಟ್ಟ ನಾಣ್ಯದ ಮೇಲೆ ಹಸಿರು ಜಿಗುಟು ಕೂರುತ್ತದೆ, ಆಮೇಲೆ ಲೋಹವನ್ನೇ ತಿನ್ನುತ್ತದೆ.

ಒಳಗೆ ಹೋದ ಮೇಲೆ

ಬಾಗಿಲಲ್ಲೇ ಸಿಗುವ ನಕ್ಷೆ ತೆಗೆದುಕೊಳ್ಳಿ. ಮೊದಲ ಸುತ್ತು ಸುಮ್ನೆ ನಡೆಯಿರಿ. ಯಾರ ಹತ್ತಿರ ಏನಿದೆ ಎಂದು ನಕ್ಷೆಯ ಮೇಲೆ ಗುರುತು ಹಾಕಿ. ಒಂದೇ ಬಗೆಯ ನಾಣ್ಯ ಮೂರು ಟೇಬಲ್‌ಗಳಲ್ಲಿ ಮೂರು ಬೆಲೆಗೆ ಇರುವುದು ಸಾಮಾನ್ಯ. ಇದಕ್ಕೆ ಒಂದೇ ವಿನಾಯಿತಿ. ಪಟ್ಟಿಯಲ್ಲಿದ್ದದ್ದು, ನೀವು ಬರೆದುಕೊಂಡ ಬೆಲೆಯೊಳಗೆ, ಪರೀಕ್ಷೆಯಲ್ಲೂ ಪಾಸಾದರೆ ಅಲ್ಲೇ ತೆಗೆದುಕೊಳ್ಳಿ. ಇನ್ನೊಂದು ಸುತ್ತು ಹೊಡೆದು ಬರುವಷ್ಟರಲ್ಲಿ ಅದು ಬೇರೆಯವರ ಜೇಬು ಸೇರಿರುತ್ತದೆ.

ಪರಊರಿನ ಮೇಳದ ನಿಜವಾದ ಸಂಪತ್ತು ಬೇರೆ ಇದೆ. ಅದು ಆ ಪ್ರದೇಶದ್ದೇ ಮಾಲು. ಒಂದು ಕಡೆ ಚಲಾವಣೆಯಲ್ಲಿದ್ದ ನಾಣ್ಯಗಳು ಅಲ್ಲಿನ ಮನೆಗಳಿಂದ, ಅಲ್ಲಿನ ಹಳೆಯ ಸಂಗ್ರಹಗಳಿಂದ ಅಲ್ಲಿನ ಡೀಲರ್‌ಗಳ ಕೈಗೇ ಮೊದಲು ಬರುತ್ತವೆ. ಹಾಗಾಗಿ ಆಯ್ಕೆ ಜಾಸ್ತಿ, ಬೆಲೆಯೂ ಹಲವು ಸಲ ಕಡಿಮೆ. ಅಷ್ಟೇ ಅಲ್ಲ, ಸಾರಿಗೆ ಟೋಕನ್, ಗಣಿಯ, ಕಾರ್ಖಾನೆಯ, ಅಂಗಡಿಯ ಟೋಕನ್, ಊರಿನ ಯಾವುದೋ ಸಮಾರಂಭದ ಪದಕ, ಇಂಥವು ಅಲ್ಲಿ ಬಿಟ್ಟು ಬೇರೆಲ್ಲೂ ಸುಲಭವಾಗಿ ಸಿಗುವುದಿಲ್ಲ. ಮನೆಯ ಹತ್ತಿರ ಯಾವಾಗ ಬೇಕಾದರೂ ಸಿಗುವುದನ್ನು ಕೊಳ್ಳಲು ಇಲ್ಲಿ ಹಣ, ಸಮಯ ಕಳೆಯಬೇಡಿ. 'ಈ ಭಾಗದ್ದು ಏನಾದರೂ ಇದೆಯಾ?' ಎಂದು ಪ್ರತಿ ಟೇಬಲ್‌ನಲ್ಲೂ ಕೇಳಿ. ಮುಖ ಅರಳಿಸಿಕೊಂಡು ಕೆಳಗಿನ ಪೆಟ್ಟಿಗೆ ತೆಗೆಯುವವರೇ ಜಾಸ್ತಿ.

ಅಗ್ಗದ ನಾಣ್ಯಗಳ ರಾಶಿ ಡಬ್ಬಿಯನ್ನೂ ಕಡೆಗಣಿಸಬೇಡಿ. ಒಂದು ಕುರ್ಚಿ ಎಳೆದುಕೊಂಡು ಕೂತು ತಾಳ್ಮೆಯಿಂದ ಕೆದಕುವವರಿಗೆ ಅಲ್ಲಿ ಬೆಳ್ಳಿಯೂ ಸಿಗುತ್ತದೆ, ಪಕ್ಕದಲ್ಲಿ ಕೂತ ಸ್ಥಳೀಯ ಸಂಗ್ರಾಹಕರ ಪರಿಚಯವೂ ಸಿಗುತ್ತದೆ. ಸ್ಥಳೀಯ ನಾಣ್ಯ ಸಂಘದ ಟೇಬಲ್ ಇದ್ದರೆ ಅಲ್ಲಿಗೂ ಹೋಗಿ. ಯಾರು ನಂಬಿಕಸ್ತರು ಅನ್ನುವುದು ಅವರಿಗೆ ಗೊತ್ತಿರುತ್ತದೆ. ಮಾರಾಟಕ್ಕಿಲ್ಲದ, ನೋಡಲಿಕ್ಕೆಂದೇ ಇಟ್ಟ ಸಂಗ್ರಹಗಳಿದ್ದರೆ ಅಲ್ಲಿ ನಿಧಾನವಾಗಿ ನಿಲ್ಲಿ. ಒಬ್ಬರು ಬಹಳ ಕಾಲ ಕೂಡಿಸಿ, ಓದಿ, ಬರೆದು ಜೋಡಿಸಿದ್ದನ್ನು ಪುಕ್ಕಟೆ ನೋಡಲು ಸಿಗುತ್ತದೆ.

ಟೇಬಲ್ ಮುಂದೆ

ಕೇಳದೆ ಯಾವುದನ್ನೂ ಮುಟ್ಟಬೇಡಿ. ಕೈಗೆ ಕೊಟ್ಟ ಮೇಲೆ ಅಂಚನ್ನು ಮಾತ್ರ ಹಿಡಿಯಿರಿ, ಮುಖದ ಮೇಲೆ ಬೆರಳು ಬೇಡ. ಬೆರಳಿನ ಜಿಡ್ಡು ತಾಮ್ರದ ಮೇಲೆ ಶಾಶ್ವತ ಕಲೆಯಾಗಿ ಉಳಿಯುತ್ತದೆ. ನಾಣ್ಯವನ್ನು ಮೆತ್ತನೆಯ ಪ್ಯಾಡಿನ ಮೇಲೇ, ಕೆಳಮಟ್ಟದಲ್ಲಿ ಹಿಡಿದು ನೋಡಿ, ಜಾರಿದರೂ ಪೆಟ್ಟಾಗಬಾರದು. ಒಂದು ಸಲಕ್ಕೆ ಒಂದೇ ನಾಣ್ಯ. ಒಬ್ಬ ಡೀಲರ್‌ನಿಂದ ಕೊಂಡದ್ದನ್ನು ಇನ್ನೊಬ್ಬರ ಟೇಬಲ್ ಮೇಲೆ ಬಿಚ್ಚಿಡಬೇಡಿ, ಎರಡೂ ಬೆರೆತರೆ ಇಬ್ಬರಿಗೂ ಮುಜುಗರ. ಫೋಟೊ ತೆಗೆಯುವ ಮೊದಲು, ತಕ್ಕಡಿ ಮ್ಯಾಗ್ನೆಟ್ ಹೊರತೆಗೆಯುವ ಮೊದಲೂ ಕೇಳಿ. ಪಕ್ಕದವರು ಚೌಕಾಸಿ ಮಾಡುತ್ತಿರುವ ನಾಣ್ಯದ ಬಗ್ಗೆ ಬಾಯಿ ಹಾಕಬಾರದು. ಅವರು ಕೆಳಗಿಟ್ಟ ಮೇಲೆ ಮಾತ್ರ ನಿಮ್ಮ ಸರದಿ.

ಅಸಲಿಯೋ ನಕಲಿಯೋ

ಇಲ್ಲಿ ಆತುರ ಬೇಡವೇ ಬೇಡ. ಮೊದಲು ತೂಕ, ಅಗಲ. ಬೆಳ್ಳಿಯ ಸಾಂದ್ರತೆ ಘನ ಸೆಂಟಿಮೀಟರ್‌ಗೆ 10.49 ಗ್ರಾಂ, ತಾಮ್ರದ್ದು 8.96. ಹಾಗಾಗಿ ತಾಮ್ರದ ಬಿಲ್ಲೆಗೆ ಬೆಳ್ಳಿ ಲೇಪಿಸಿದರೆ, ಅಳತೆ ಸರಿ ಇಟ್ಟಾಗ ತೂಕ ಕಡಿಮೆ ಬರುತ್ತದೆ. ತೂಕ ಸರಿ ಮಾಡಲು ಹೋದರೆ ದಪ್ಪವೋ ಅಗಲವೋ ಏರುತ್ತದೆ. ಚಲಾವಣೆಯಲ್ಲಿ ಸವೆದ ನಾಣ್ಯ ಸ್ವಲ್ಪ ಹಗುರ ಇರುವುದು ಸಹಜ. ಆದರೆ ಹೊಸದರ ಹಾಗೆ ಕಾಣುವ ನಾಣ್ಯ ಹಗುರವಿದ್ದರೆ ಕೆಳಗಿಡಿ. ಚಿನ್ನದಲ್ಲಿ ಇನ್ನೂ ಎಚ್ಚರ ಬೇಕು. ಟಂಗ್‌ಸ್ಟನ್ನಿನ ಸಾಂದ್ರತೆ ಹೆಚ್ಚುಕಡಿಮೆ ಚಿನ್ನದಷ್ಟೇ ಇರುವುದರಿಂದ ತೂಕವೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ.

ಮ್ಯಾಗ್ನೆಟ್‌ಗೆ ಚಿನ್ನ, ಬೆಳ್ಳಿ, ತಾಮ್ರ ಅಂಟುವುದಿಲ್ಲ. ಇದಕ್ಕೆ ಅಮೆರಿಕದ 1943ರ ಒಂದು ಸೆಂಟ್ ಚೆನ್ನಾದ ಉದಾಹರಣೆ. ಯುದ್ಧಕಾಲದಲ್ಲಿ ತಾಮ್ರ ಉಳಿಸಲು ಆ ವರ್ಷ ಸತು ಲೇಪಿಸಿದ ಉಕ್ಕಿನಲ್ಲಿ ಸೆಂಟ್‌ಗಳನ್ನು ಅಚ್ಚು ಹಾಕಿದರು. ತಪ್ಪಿ ತಾಮ್ರದ ಬಿಲ್ಲೆಯ ಮೇಲೆ ಮೂಡಿದ ಕೆಲವೇ ಕೆಲವು ಈಗ ಬಹಳ ಬೆಲೆಬಾಳುತ್ತವೆ. ಹಾಗಾಗಿ ಉಕ್ಕಿನ ಸೆಂಟ್‌ಗೆ ತಾಮ್ರ ಬಳಿದು ಮಾರುವವರಿದ್ದಾರೆ. ಮ್ಯಾಗ್ನೆಟ್ ಒಂದು ಕ್ಷಣದಲ್ಲಿ ಅದನ್ನು ಹಿಡಿದು ಕೊಡುತ್ತದೆ.

ಈಗ ಲೂಪ್ ತೆಗೆಯಿರಿ. ಅಂಚಿನ ಸುತ್ತ ಸಣ್ಣ ಗೆರೆಯಂಥ ಜೋಡಣೆ ಕಂಡರೆ ಅದು ಎರಕ ಹೊಯ್ದ ನಕಲಿ ಇರಬಹುದು. ಮೇಲ್ಮೈಯಲ್ಲಿ ಸೂಜಿಮೊನೆಯಷ್ಟು ಗುಳಿಗಳು, ಮೊಂಡಾದ ಅಕ್ಷರಗಳು ಕೂಡ ಎರಕದ ಲಕ್ಷಣಗಳೇ. ಟಂಕಸಾಲೆಯ ಗುರುತಿನ ಬುಡ ನೋಡಿ. ಬೇರೆಡೆಯಿಂದ ಕತ್ತರಿಸಿ ಅಂಟಿಸಿದ ಅಕ್ಷರಕ್ಕೆ ಬುಡದಲ್ಲಿ ಗೆರೆ ಕಾಣುತ್ತದೆ. ಆಭರಣಕ್ಕೆ ಬಳಸಿದ್ದ ನಾಣ್ಯವಾದರೆ ಮೇಲಂಚಿನಲ್ಲಿ ಬೆಸುಗೆ ಅಥವಾ ಮುಚ್ಚಿದ ತೂತಿನ ಕುರುಹು ಸಿಗುತ್ತದೆ. ನಾಣ್ಯ ಮಗುಚುವ ದಿಕ್ಕನ್ನೂ ಗಮನಿಸಿ. ಅಮೆರಿಕದ ನಾಣ್ಯವನ್ನು ಮೇಲಿಂದ ಕೆಳಕ್ಕೆ ಮಗುಚಿದರೆ ಹಿಂಬದಿ ನೆಟ್ಟಗೆ ಕಾಣಬೇಕು. ಬ್ರಿಟನ್ನಿನ ಈಗಿನ ನಾಣ್ಯವನ್ನು ಪಕ್ಕಕ್ಕೆ ತಿರುಗಿಸಬೇಕು. ನಕಲಿ ಮಾಡುವವರು ಕೆಲವೊಮ್ಮೆ ಇದನ್ನೇ ಮರೆತಿರುತ್ತಾರೆ.

ನಾಣ್ಯದ ಮೇಲಿನ ವರ್ಷವೂ ವಯಸ್ಸನ್ನು ಹೇಳದೇ ಇರಬಹುದು. ಮರಿಯಾ ಥೆರೇಸಾ ಥಾಲರ್ ಎಂಬ ದೊಡ್ಡ ಬೆಳ್ಳಿ ನಾಣ್ಯದ ಮೇಲೆ 1780 ಎಂದಿರುತ್ತದೆ. ಆಸ್ಟ್ರಿಯಾದ ರಾಣಿ ಮರಿಯಾ ಥೆರೇಸಾ ತೀರಿಕೊಂಡದ್ದು ಆ ವರ್ಷ. ಆದರೆ ವ್ಯಾಪಾರಕ್ಕೆ ಬೇಡಿಕೆ ಇದ್ದುದರಿಂದ ಅದೇ ವರ್ಷ ಹಾಕಿಕೊಂಡು 20ನೇ ಶತಮಾನದವರೆಗೂ ಬೇರೆ ಬೇರೆ ದೇಶಗಳ ಟಂಕಸಾಲೆಗಳು ಅದನ್ನು ಅಚ್ಚು ಹಾಕಿದವು. ಬೆಳ್ಳಿ ಅಸಲಿ, ವಯಸ್ಸು ಮಾತ್ರ ಬೇರೆ. ಅದಕ್ಕೆ ತಕ್ಕ ಬೆಲೆ ಕೊಟ್ಟರೆ ತಪ್ಪೇನಿಲ್ಲ.

ಇನ್ನು ತೊಳೆದ ನಾಣ್ಯಗಳು. ನಕಲಿಗಿಂತ ಇವೇ ಜಾಸ್ತಿ ಎದುರಾಗುತ್ತವೆ. ಸವೆಯದ ಅಸಲಿ ನಾಣ್ಯವನ್ನು ಬೆಳಕಿನಲ್ಲಿ ಓರೆ ಮಾಡಿದರೆ ಹೊಳಪು ಮಧ್ಯದಿಂದ ಕಿರಣಗಳ ಹಾಗೆ ಸುತ್ತುತ್ತದೆ. ಉಜ್ಜಿ ತೊಳೆದದ್ದರಲ್ಲಿ ಹೊಳಪು ಇದ್ದರೂ ಅಲುಗಾಡುವುದಿಲ್ಲ. ಒಂದೇ ದಿಕ್ಕಿಗೆ ಕೂದಲೆಳೆಯಂಥ ಗೀರುಗಳು ಕಾಣುತ್ತವೆ. ಹೀಗೆ ಉಜ್ಜಿ ಫಳಫಳ ಎನ್ನುವ ಹಳೆಯ ನಾಣ್ಯಕ್ಕಿಂತ ಕಪ್ಪಗಾದ, ಯಾರೂ ಮುಟ್ಟದ ನಾಣ್ಯಕ್ಕೇ ಬೆಲೆ ಹೆಚ್ಚು.

ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿದ, ಗ್ರೇಡ್ (ನಾಣ್ಯದ ಸ್ಥಿತಿ ಹೇಳುವ ದರ್ಜೆ) ಹಾಕಿದ ನಾಣ್ಯಗಳೂ ಇರುತ್ತವೆ. ಹೀಗೆ ನಾಣ್ಯ ಪರೀಕ್ಷಿಸಿ ಗ್ರೇಡ್ ಕೊಡುವ ಅಮೆರಿಕದ ಸಂಸ್ಥೆಗಳಲ್ಲಿ ಪಿಸಿಜಿಎಸ್ 1986ರಲ್ಲಿ, ಎನ್‌ಜಿಸಿ 1987ರಲ್ಲಿ ಶುರುವಾದವು. ಇವು 1ರಿಂದ 70ರವರೆಗೆ ಅಂಕ ಕೊಡುತ್ತವೆ. 60 ಮತ್ತು ಅದಕ್ಕಿಂತ ಮೇಲಿನದು ಚಲಾವಣೆಯಾಗದ ನಾಣ್ಯ. ಪೆಟ್ಟಿಗೆ ಮೇಲಿನ ಸಂಖ್ಯೆಯನ್ನು ಆ ಸಂಸ್ಥೆಯ ಜಾಲತಾಣದಲ್ಲಿ ಹಾಕಿ, ಅಲ್ಲಿನ ವಿವರವನ್ನು, ಫೋಟೊ ಇದ್ದರೆ ಅದನ್ನೂ, ಕೈಯಲ್ಲಿರುವ ನಾಣ್ಯದ ಜೊತೆ ಹೋಲಿಸಿ. ಪೆಟ್ಟಿಗೆಯನ್ನೇ ನಕಲು ಮಾಡುವವರೂ ಇದ್ದಾರೆ. ಪರಊರಿನಲ್ಲಿ, ಗುರುತಿಲ್ಲದವರಿಂದ ದುಬಾರಿ ನಾಣ್ಯ ಕೊಳ್ಳುವುದಾದರೆ ಇಂಥ ಪೆಟ್ಟಿಗೆಯಲ್ಲಿರುವುದನ್ನೇ ಕೊಳ್ಳಿ ಎಂದು ನಾನು ಹೇಳುತ್ತೇನೆ.

ಚೌಕಾಸಿ, ಬಿಲ್

'ಕೊನೆಯ ಬೆಲೆ ಎಷ್ಟು?' ಎಂದು ಒಂದು ಸಲ ಕೇಳುವುದು ತಪ್ಪಲ್ಲ. ಅವರು ಹೇಳಿದ್ದು ನಿಮ್ಮ ಮಿತಿಯೊಳಗಿದ್ದರೆ ತೆಗೆದುಕೊಳ್ಳಿ, ಇಲ್ಲದಿದ್ದರೆ ಥ್ಯಾಂಕ್ಸ್ ಹೇಳಿ ಎದ್ದುಬಿಡಿ. ನಾಣ್ಯವನ್ನು ಹೀಯಾಳಿಸಿ ಬೆಲೆ ಇಳಿಸುವುದು ಬೇಡ. ಒಬ್ಬರ ಹತ್ತಿರವೇ ಮೂರ್ನಾಲ್ಕು ತೆಗೆದುಕೊಂಡರೆ ತಾನಾಗಿಯೇ ಕಡಿಮೆ ಮಾಡುತ್ತಾರೆ. ಒಪ್ಪಿದ ಮೇಲೆ ಮಾತು ತಪ್ಪಬಾರದು. ಈ ವ್ಯಾಪಾರ ನಡೆಯುವುದೇ ಬಾಯಿಮಾತಿನ ಮೇಲೆ.

ಬಿಲ್ ಇಲ್ಲದೆ ಟೇಬಲ್ ಬಿಡಬೇಡಿ. ನಾಣ್ಯದ ಹೆಸರು, ವರ್ಷ, ಗ್ರೇಡ್, ಬೆಲೆ, ಮಾರಿದವರ ಹೆಸರು, ಸಂಪರ್ಕ ಸಂಖ್ಯೆ ಅದರಲ್ಲಿರಬೇಕು. ನಕಲಿ ಎಂದು ಗೊತ್ತಾದರೆ ವಾಪಸ್ ತೆಗೆದುಕೊಳ್ಳುತ್ತಾರಾ ಎಂದು ಕೇಳಿ, ಅದನ್ನೂ ಬರೆಸಿಕೊಳ್ಳಿ.

ವಾಪಸ್ ಬರುವಾಗ

ಹೊರಗೆ ಕಾಲಿಡುವ ಮುಂಚೆ ಕೊರಳಿನ ಬ್ಯಾಡ್ಜ್ ತೆಗೆದು ಜೇಬಿಗೆ ಹಾಕಿ. ಮೇಳದ ಹೆಸರಿರುವ ಚೀಲವೂ ಕೈಯಲ್ಲಿ ಬೇಡ. ಅಪರಿಚಿತ ಊರಿನಲ್ಲಿ ಏನು ಕೊಂಡಿರಿ ಎಂಬುದು ಬೀದಿಗೆ ಗೊತ್ತಾಗಬಾರದು. ಕಾರಿನಲ್ಲಿ ಬಿಟ್ಟು ಊಟಕ್ಕೆ ಹೋಗಬೇಡಿ. ನೇರ ರೂಮಿಗೆ ಹೋಗಿ, ಎಲ್ಲವನ್ನೂ ಫೋಟೊ ತೆಗೆದು ಎತ್ತಿಡಿ.

ವಿಮಾನದಲ್ಲಿ ನಾಣ್ಯ ಯಾವತ್ತೂ ಕೈಚೀಲದಲ್ಲೇ ಇರಲಿ, ಲಗೇಜಿಗೆ ಹಾಕಬೇಡಿ. ತಪಾಸಣೆಯ ಯಂತ್ರದಿಂದ ನಾಣ್ಯಕ್ಕೆ ಏನೂ ಆಗುವುದಿಲ್ಲ. ಆದರೆ ಲೋಹದ ರಾಶಿಯ ಮೂಲಕ ಕಿರಣ ಹಾಯದ ಕಾರಣ ಚೀಲ ತೆಗೆದು ನೋಡಲು ಕೇಳಬಹುದು. ಆಗ ಎಲ್ಲರೆದುರು ಬೇಡ, ಬೇರೆ ಕೋಣೆಯಲ್ಲಿ ನೋಡಿ ಎಂದು ವಿನಂತಿಸಿಕೊಳ್ಳಿ.

ದೇಶದ ಗಡಿ ದಾಟುವುದಾದರೆ ಎರಡೂ ದೇಶಗಳ ಕಾನೂನನ್ನು ಕೊಳ್ಳುವ ಮೊದಲೇ ನೋಡಿಕೊಳ್ಳಿ, ಕೊಂಡ ಮೇಲಲ್ಲ. 1970ರ ಯುನೆಸ್ಕೊ ಒಪ್ಪಂದ ಸಾಂಸ್ಕೃತಿಕ ಸ್ವತ್ತುಗಳ ಸಾಲಿನಲ್ಲಿ ನೂರು ವರ್ಷಕ್ಕಿಂತ ಹಳೆಯ ನಾಣ್ಯಗಳನ್ನೂ ಹೆಸರಿಸುತ್ತದೆ. ಹಲವು ದೇಶಗಳಲ್ಲಿ ಹಳೆಯ ನಾಣ್ಯ ಹೊರಗೆ ಒಯ್ಯಲು ಪರವಾನಗಿ ಬೇಕು. ಪ್ರಾಚೀನ ನಾಣ್ಯಕ್ಕೆ ಮೂಲದ ಕಾಗದ ಕೇಳಿ. ಎಲ್ಲಿಂದ ಬಂತು ಎಂದು ಮಾರುವವರು ಹೇಳದಿದ್ದರೆ ಎಷ್ಟೇ ಚೆಂದವಿದ್ದರೂ ಬಿಟ್ಟುಬಿಡಿ. ನೆಲ ಅಗೆದು ಕದ್ದ ನಾಣ್ಯಕ್ಕೆ ದುಡ್ಡು ಕೊಟ್ಟರೆ ಇನ್ನೊಂದು ಜಾಗದ ಚರಿತ್ರೆ ಅಗೆಯಲು ಕೊಟ್ಟಂತೆ.

ಮನೆ ತಲುಪಿದ ದಿನವೇ ಪ್ರತಿ ನಾಣ್ಯವನ್ನೂ ಡೀಲರ್ ಕೊಟ್ಟ ಕವರ್‌ನಿಂದ ಒಳ್ಳೆಯ ಹೋಲ್ಡರ್‌ಗೆ ಬದಲಾಯಿಸಿ. ಎಲ್ಲಿ, ಯಾವ ತಾರೀಕು, ಯಾರಿಂದ, ಎಷ್ಟಕ್ಕೆ ಎಂದು ಚೀಟಿ ಬರೆದಿಡಿ. ತೂಕ ಇನ್ನೊಮ್ಮೆ ನೋಡಿ. ಏನಾದರೂ ಅನುಮಾನ ಬಂದರೆ ತಡಮಾಡದೆ ಅದೇ ವಾರ ಡೀಲರ್‌ಗೆ ಬರೆಯಿರಿ. ಎಲ್ಲ ಸರಿ ಇದ್ದರೂ ಎರಡು ಸಾಲು ಬರೆಯಿರಿ, ಪಟ್ಟಿಯಲ್ಲಿ ಸಿಗದೆ ಉಳಿದ ನಾಣ್ಯದ ಹೆಸರನ್ನೂ ಸೇರಿಸಿ.