ಸೋತವರ ಕೈಗೆ ಮೋಟಾರ್ ರೂಮಿನ ಬೀಗದ ಕೈ

ಹತ್ತು ವರ್ಷ ಪಕ್ಷದ ಬಾವುಟ ಕಟ್ಟಿದವನು ನಾನು. ಫ್ಲೆಕ್ಸ್ ಕಟ್ಟಿದ್ದೇನೆ, ಬೂತ್ ಏಜೆಂಟ್ ಆಗಿ ಕೂತಿದ್ದೇನೆ, ರಾತ್ರಿ ಹಂಚಬೇಕಾದ್ದನ್ನು ಹಂಚಿಯೂ ಇದ್ದೇನೆ. ಕೊನೇ ಸಲ ಕವರ್ ಕೊಟ್ಟಾಗ ನಮ್ಮ ಬೀದಿಯ ಅಜ್ಜಿ ಅಲ್ಲೇ ಬಿಚ್ಚಿ ಎಣಿಸಿ, "ಹೋದ್ ಸಲ ಐನೂರಿತ್ತು ಕಣಪ್ಪ, ಈ ಸಲ ಮುನ್ನೂರೇ. ಮಧ್ಯದಲ್ಲಿ ನೀನೇನಾದ್ರೂ ಮುರ್ಕೊಂಡ್ಯಾ?" ಅಂತ ಕೇಳಿದಳು. ಮುರಿದುಕೊಂಡಿರಲಿಲ್ಲ. ಆದರೆ ಉತ್ತರ ಕೊಡೋಕೆ ಬಾಯಿ ಬರಲಿಲ್ಲ. ಅವತ್ತೇ ಬಿಟ್ಟೆ. ಆಮೇಲೆ ಎರಡು ವರ್ಷ ಪೇಪರ್‌ನಲ್ಲಿ ರಾಜಕೀಯದ ಪುಟ ಬಂದರೆ ಮಗುಚಿ ಹಾಕುತ್ತಿದ್ದೆ.

ಮತ್ತೆ ಎಳೆದು ತಂದಿದ್ದು ನೀರು. ನಮ್ಮ ವಾರ್ಡಿಗೆ ಮೂರು ದಿನಕ್ಕೊಮ್ಮೆ ನೀರು, ಅದೂ ಬೀದಿಯ ಕೊನೇ ಮನೆಗಳಿಗೆ ಬರೀ ಗಾಳಿ. 2020ರ ಡಿಸೆಂಬರ್‌ನಲ್ಲಿ ಪಂಚಾಯಿತಿ ಚುನಾವಣೆ ಬಂತು, ನಾನೇ ನಿಂತೆ. ಕೆಲವು ಊರುಗಳಲ್ಲಿ ಸೀಟನ್ನೇ ಹರಾಜು ಕೂಗಿದ ಸುದ್ದಿ ಬಂದ ವರ್ಷ ಅದು. ಕರಪತ್ರ, ಟೀ, ಪೆಟ್ರೋಲ್ ಎಲ್ಲಾ ಸೇರಿ ನನಗೆ ಹದಿನೆಂಟು ಸಾವಿರದ ಹತ್ತಿರ ಆಯ್ತು. ಎದುರು ಗುಂಪಿನಿಂದ ನಿಂತ ಅಣ್ಣನಿಗೆ ಒಂದೂವರೆ ಲಕ್ಷ ಆಯ್ತು ಅಂತ ಊರವರ ಲೆಕ್ಕ. ಹನ್ನೊಂದು ಓಟಲ್ಲಿ ಗೆದ್ದೆ. ಪಕ್ಷದ ಚಿಹ್ನೆ ಇಲ್ಲದ ಚುನಾವಣೆ ಅಂತಾರೆ, ಆದರೆ ಯಾರು ಯಾರ ಕಡೆ ಅಂತ ಊರಲ್ಲಿ ದನಕರುಗಳಿಗೂ ಗೊತ್ತು.

ಮೊದಲ ವರ್ಷದ ಕಥೆ ಕೇಳಿದರೆ ನಗ್ತೀರಿ. ವಾರ್ಡ್ ಸಭೆಗೆ ಡಂಗುರ ಹೊಡೆಸಿದೆ. ಶಾಮಿಯಾನ, ಮೈಕು, ನೂರು ಕುರ್ಚಿ. ಬಂದವರು ಹನ್ನೊಂದು ಜನ. ಅದರಲ್ಲಿ ನಾಲ್ಕು ಜನ ನಮ್ಮ ನೆಂಟರು, ಒಬ್ಬರು ಖಾರಾಬೂಂದಿಗೆ ಬಂದವರು. ವಾಟ್ಸಾಪ್ ಗುಂಪು ಮಾಡಿದೆ. ಒಂದು ವಾರ ಗುಡ್ ಮಾರ್ನಿಂಗ್ ಹೂವುಗಳು, ಆಮೇಲೆ ಯಾರೋ ನಾಯಕನ ಕಾರ್ಟೂನು, ಅದಕ್ಕೊಂದು ಜಗಳ. ಒಂದೂವರೆ ತಿಂಗಳಲ್ಲಿ ಮುಚ್ಚಿದೆ.

ಅದೇ ವರ್ಷ ಬೋರ್‌ವೆಲ್ ಮೋಟಾರ್ ಮೂರು ಸಲ ಸುಟ್ಟಿತು. ರಿವೈಂಡಿಂಗ್‌ಗೆ ಒಂಬತ್ತು ಹತ್ತು ಸಾವಿರ, ಎತ್ತಿ ಇಳಿಸೋಕೆ ಇನ್ನೂ ಎರಡೂವರೆ. ಹದಿನೈದನೇ ಹಣಕಾಸು ಆಯೋಗದಿಂದ ಪಂಚಾಯಿತಿಗೆ ಬರುತ್ತಿದ್ದ ಅನುದಾನದಲ್ಲಿ ಶೇ. 60 ನೀರು, ನೈರ್ಮಲ್ಯಕ್ಕೇ ಅಂತ ಕಟ್ಟಿಟ್ಟಿದ್ದರು, ಸರಿ. ಆದರೆ ಕ್ರಿಯಾ ಯೋಜನೆಯಲ್ಲಿ ಇಲ್ಲದ ರಿಪೇರಿಗೆ ಬಿಲ್ ಆಗೋಕೆ ಎಷ್ಟು ದಿನ ಬೇಕು ಅಂತ ನಿಮಗೇ ಗೊತ್ತಲ್ಲ. ಇಪ್ಪತ್ತೆರಡು ಸಾವಿರ ಕೈಯಿಂದ ಹಾಕಿದೆ, ವಾಪಸ್ ಬರೋಕೆ ಏಳು ತಿಂಗಳು. ಅಷ್ಟರಲ್ಲಿ "ಮೆಂಬರ್ ಮೋಟಾರ್ ಸುಡಿಸ್ತಾನೆ, ಕಮಿಷನ್ ತಿಂತಾನೆ" ಅನ್ನೋ ಮಾತು ಹಬ್ಬಿತ್ತು. ಬೇಜಾರಾಯ್ತು. ಆದರೆ ಆ ಅನುಮಾನ ಹುಟ್ಟಿಸಿದ್ದೇ ನನ್ನಂಥವರು ಹಂಚಿದ ಕವರ್‌ಗಳು ಅಲ್ವಾ?

ದಾರಿ ಕಂಡಿದ್ದು ಹಾಲಿನ ಡೇರಿಯಲ್ಲಿ. ಬೆಳಗ್ಗೆ ಆರೂವರೆಗೆ ಎರಡೂ ಗುಂಪಿನವರು ಒಂದೇ ಸಾಲಲ್ಲಿ ಕ್ಯಾನು ಹಿಡಿದು ನಿಂತಿರುತ್ತಾರೆ. ತಮ್ಮ ಹಾಲಿಗೆ ಫ್ಯಾಟ್ ಎಷ್ಟು ಬಂತು ಅಂತ ಪಾಯಿಂಟ್ ಸಮೇತ ನೋಡ್ತಾರೆ. ಅದೇ ಗೋಡೆಗೆ ಶಾಲೆಯವರು ಬಿಸಾಕಿದ್ದ ಹಳೇ ಕರಿಹಲಗೆ ನೇತುಹಾಕಿದೆ. ಮೋಟಾರ್ ಎಷ್ಟು ಗಂಟೆ ಓಡಿತು, ಯಾವ ಬೀದಿಗೆ ಎಷ್ಟು ಹೊತ್ತು ಬಿಟ್ಟರು, ಖರ್ಚೆಷ್ಟು. ದಿನಾ ನಾನೇ ಸೀಮೆಸುಣ್ಣದಲ್ಲಿ ಬರೆದೆ. ಓದಿದರು, ಆದರೆ ನಂಬಲಿಲ್ಲ. ಕಳ್ಳನೇ ಲೆಕ್ಕ ಬರೆದರೆ ಇನ್ನೇನು ಅಂತ.

ಆಗ ಲೆಕ್ಕದ ಪುಸ್ತಕವನ್ನೂ ಮೋಟಾರ್ ರೂಮಿನ ಬೀಗದ ಕೈಯನ್ನೂ ನನ್ನ ವಿರುದ್ಧ ಸೋತ ಅಣ್ಣನಿಗೇ ಕೊಟ್ಟೆ. ನಮ್ಮ ಕಡೆಯವರು ತೋಳನ ಕೈಗೆ ಕುರಿ ಕೊಟ್ಟೆ ಅಂತ ಉಗಿದರು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ ಸಾಹೇಬರಿಗೆ ಆಡಿಟ್ ಭಯ. ರಸೀದಿ ಪಂಚಾಯಿತಿಯದೇ, ದುಡ್ಡು ಪಂಚಾಯಿತಿ ಖಾತೆಗೇ, ಅಣ್ಣನ ಹತ್ತಿರ ಇರೋದು ನಕಲು ಪುಸ್ತಕ ಮಾತ್ರ ಅಂತ ಒಪ್ಪಿಸಿದೆ. ಅಣ್ಣನನ್ನು ಹೇಗೆ ಒಪ್ಪಿಸಿದೆ ಅನ್ನೋದನ್ನ ಮಾತ್ರ ಬರೆಯಲ್ಲ. ಮುಂದೆ ಇನ್ನೊಬ್ಬರ ಹತ್ತಿರ ಬೇಕಾಗಬಹುದು. ದುಡ್ಡು, ಬಾಟಲಿ ಯಾವುದೂ ಅಲ್ಲ, ಅಷ್ಟು ಹೇಳ್ತೀನಿ.

ಮೊದಲ ವಾರವೇ ಅಣ್ಣ ನನ್ನ ತಪ್ಪು ಹಿಡಿದರು. ಪೈಪು ಜೋಡಿಸುವ ಸಾಮಾನಿನ ಬಿಲ್ಲು, 350 ರೂಪಾಯಿದು, ಎರಡು ಸಲ ಬರೆದಿದ್ದೆ. ಹಲಗೆ ಮೇಲೆ ದಪ್ಪಕ್ಷರದಲ್ಲಿ ಹಾಕಿ ಕೆಳಗೆ ಎರಡು ಗೆರೆ ಎಳೆದಿದ್ದರು. ನನಗೆ ಮುಖ ಎತ್ತೋಕಾಗಲಿಲ್ಲ. ಎರಡು ದಿನ ಡೇರಿಗೆ ಹಾಲು ಕೊಟ್ಟು ಹೆಂಡತಿಯನ್ನೇ ಕಳಿಸಿದೆ. ಮೂರನೇ ದಿನ ಅವಳು ಖಾಲಿ ಕ್ಯಾನು ಕೆಳಗಿಟ್ಟು, "ಅಜ್ಜಿ ನೀರಿನ ದುಡ್ಡು ಕೊಟ್ಟು ಕಳಿಸಿದ್ದಾರೆ, ತಗೋಳಿ" ಅಂತ ನೋಟು ಕೈಗಿಟ್ಟಳು. ಅದೇ ಕವರ್ ಎಣಿಸಿದ ಅಜ್ಜಿ. ಮೆಂಬರ್ ಲೆಕ್ಕವನ್ನೂ ಹಿಡಿಯೋರು ಇದ್ದಾರೆ ಅಂತ ಊರಿಗೆ ಗೊತ್ತಾಗಿತ್ತು. ಆ 350 ರೂಪಾಯಿ ತಪ್ಪು ಮಾಡಿದ ಕೆಲಸವನ್ನು ನನ್ನ ಎರಡು ವರ್ಷದ ಭಾಷಣ ಮಾಡಲಿಲ್ಲ.

ಆಮೇಲೆ ವಸೂಲಿ ಏರಿತು. ಮುಂಚೆ ತಿಂಗಳಿಗೆ 30 ರೂಪಾಯಿ ಅಂತ ಕಾಗದದಲ್ಲಿತ್ತು, ಕಟ್ಟುತ್ತಿದ್ದವರು ಹತ್ತು ಮನೆ. ಸಭೆಯಲ್ಲಿ 75 ಮಾಡಿದೆವು. ಈಗ 180 ಚಿಲ್ಲರೆ ಮನೆಗಳಲ್ಲಿ 150ರ ಮೇಲೆ ಕಟ್ಟುತ್ತಾರೆ, ತಿಂಗಳಿಗೆ ಹನ್ನೊಂದು ಸಾವಿರ ದಾಟುತ್ತೆ. ಗುಟ್ಟೇನಿಲ್ಲ, ಡೇರಿ ಬಟವಾಡೆ ಆದ ಮಾರನೇ ದಿನ ರಸೀದಿ ಪುಸ್ತಕ ಹಿಡಿದು ನಿಲ್ಲುತ್ತೇವೆ. ಆ ದುಡ್ಡಲ್ಲಿ ನೀರಿಲ್ಲದೆ ಓಡಿದರೆ ಮೋಟಾರನ್ನು ತಾನೇ ನಿಲ್ಲಿಸುವ ಸ್ಟಾರ್ಟರ್ ಹಾಕಿಸಿದೆವು, ಮೂರೂವರೆ ಸಾವಿರ ಇರಬೇಕು. ಎರಡು ವರ್ಷದಿಂದ ಮೋಟಾರ್ ಸುಟ್ಟಿಲ್ಲ. ಸುತ್ತಮುತ್ತ ಯಾವ ವಾರ್ಡಿನ ಮೆಂಬರ್ ಬೇಕಾದರೂ ಬಂದು ನೋಡಲಿ.

ಇನ್ನು ಟುಲ್ಲು ಮೋಟಾರ್. ಕೊನೇ ಮನೆಗಳಿಗೆ ಗಾಳಿ ಬರುತ್ತಿದ್ದುದೇ ಅದರಿಂದ. ಲೈನಿಗೆ ನೇರ ಟುಲ್ಲು ಹಾಕಿ ಎಳೆಯುತ್ತಿದ್ದವರಲ್ಲಿ ಅಣ್ಣನ ಭಾವಮೈದನೂ ಒಬ್ಬ. ನಾನು ಕೀಳೋಕೆ ಹೋಗಿದ್ದರೆ ಹೊಡೆದಾಟವೇ. ಅಣ್ಣ ಒಂದು ಬೆಳಗ್ಗೆ ವಾಟರ್‌ಮನ್ ಜೊತೆ ಸ್ಪ್ಯಾನರ್ ಹಿಡಿದು ಹೋದರು. "ಬೀಗದ ಕೈ ನನ್ನ ಸೊಂಟದಲ್ಲಿ, ಟುಲ್ಲು ನಿನ್ನ ಮನೇಲಿ ಅಂದ್ರೆ ಡೇರಿ ಹತ್ರ ನಾನು ಹೆಂಗೋ ನಿಲ್ಲಲಿ?" ಅಂದರಂತೆ. ವಾರದೊಳಗೆ ಉಳಿದ ಆರು ಟುಲ್ಲು ತಾವಾಗೇ ಎದ್ದವು.

ನಿಜ ಹೇಳ್ತೀನಿ, ಎಲ್ಲಾ ಗೆದ್ದಿಲ್ಲ. ನರೇಗಾದಲ್ಲಿ ಬಚ್ಚಲು ಗುಂಡಿ ತೋಡಿಸಿದೆ, ಹದಿನಾಲ್ಕು. ಐದು ಕುಸಿದವು, ಒಂದಕ್ಕೆ ಕರು ಕಾಲು ಹಾಕಿಕೊಂಡಿತು. ಬೀದಿದೀಪಕ್ಕೆ ಟೈಮರ್ ಹಾಕಿಸಿದೆ, ಮಳೆಗಾಲದಲ್ಲಿ ಹಗಲೆಲ್ಲಾ ಉರಿದು ರಾತ್ರಿ ಆರಿಹೋಯ್ತು. ಸ್ವಿಚ್ಚೇ ವಾಸಿ. ನಮ್ಮೂರಿನ ಹಿರಿಯರು ಈಗಲೂ ನೀರ್ ಸಾಬ್ ಅಂತ ನೆನೆಯೋದು ಅಬ್ದುಲ್ ನಜೀರ್ ಸಾಬ್ ಅವರನ್ನು. 80ರ ದಶಕದಲ್ಲಿ ಊರೂರಿಗೆ ಬೋರ್ ಕೊರೆಸಿದ ಮಂತ್ರಿ. ಆ ಕಾಲದ ಕೈಪಂಪು ನಮ್ಮ ಬೀದಿಯಲ್ಲಿ ಇನ್ನೂ ನಿಂತಿದೆ, ನೀರಿಲ್ಲ. ರಿಪೇರಿ ಮಾಡಿಸೋಣ ಅಂತ ನಾಲ್ಕು ಸಾವಿರ ಕಳೆದೆ. ಈಗಲೂ ನೀರಿಲ್ಲ.

ಮುಂದಿನ ಚುನಾವಣೆಗೆ ಅಣ್ಣನೂ ನಿಲ್ಲುತ್ತಾರೆ, ನಾನೂ ನಿಲ್ಲುತ್ತೇನೆ. ಯಾರೇ ಗೆದ್ದರೂ ಬೀಗದ ಕೈ ಸೋತವರ ಹತ್ತಿರ ಇರಬೇಕು ಅಂತ ಹಲಗೆಯ ಮೇಲೆ ಬರೆದು ಇಬ್ಬರೂ ಸಹಿ ಹಾಕಿದ್ದೇವೆ. ಸೀಮೆಸುಣ್ಣದ ಸಹಿ, ಮಳೆ ಎರಚಲಿಗೆ ಎರಡು ಸಲ ಅಳಿಸಿತು. ಆಯಿಲ್ ಪೇಂಟಲ್ಲಿ ಬರೆಯೋಕೆ ಪೇಂಟರ್ 450 ಕೇಳ್ತಾನೆ. ಅಣ್ಣ 300ರ ಮೇಲೆ ಪುಸ್ತಕಕ್ಕೆ ಹತ್ತಿಸಲ್ಲ ಅಂತ ಕೂತಿದ್ದಾರೆ.